ಗಾಳಿಗುಂಡಿಯ ಅಡಿಟಿಪ್ಪಣಿ

ಧರ್ಮಪುರಿ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಹಳೆಯ ಕಬ್ಬಿಣದ ಸಾಮಾನಿನ ಅಂಗಡಿ ಇದೆ. ಬಾವಿಯ ರಾಟೆ, ಗುದ್ದಲಿ, ದನ ಕಟ್ಟುವ ಸರಪಳಿ ಇಂಥವೆಲ್ಲ ಸಿಗುವ ಜಾಗ. ಹೋದ ತಿಂಗಳು ಹಿತ್ತಲ ಬಾಗಿಲಿಗೊಂದು ಚಿಲಕ ಬೇಕೆಂದು ಅಲ್ಲಿಗೆ ಹೋಗಿದ್ದೆ. ಅಂಗಡಿಯವನು ತುಕ್ಕು ಹಿಡಿಯದಿರಲೆಂದು ಸರಪಳಿಗಳಿಗೆ ಹರಳೆಣ್ಣೆ ಸವರುತ್ತ ಕೂತಿದ್ದ. ಬಿಸಿಲಿಗೆ ಕಾದ ಕಬ್ಬಿಣ, ಅದರ ಮೇಲೆ ಹರಳೆಣ್ಣೆ... ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಾನು ಯಾಕೆ ಬಂದೆ ಅನ್ನುವುದೇ ಮರೆತುಹೋಯಿತು. "ಎನ್ನ ವೇಣುಮ್ಮಾ?" ಏನು ಬೇಕಮ್ಮ ಎಂದು ಅವನು ತಮಿಳಿನಲ್ಲಿ ಎರಡು ಸಲ ಕೇಳಿದ ಮೇಲೆ ಚಿಲಕ ನೆನಪಾಯಿತು.

ಅದು ಚೈನುತಾತನ ಮನೆಯ ವಾಸನೆ.

ನಮ್ಮೂರಲ್ಲಿ ದೊಡ್ಡವರು ಚಿಕ್ಕವರು ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಹಾಗೆಯೇ. ನಮ್ಮದು ಪೆನ್ನಾಗರದ ಆಚೆ, ಮೆಟ್ಟೂರು ಡ್ಯಾಮಿನ ನೀರು ಹಿಂದಕ್ಕೆ ಚಾಚಿಕೊಂಡು ನಿಲ್ಲುವ ಕಡೆಯ ಒಂದು ಊರು. ಕುರಿ, ರಾಗಿ, ನೆಲಗಡಲೆ. ಮನೆಯಲ್ಲಿ ಕನ್ನಡ, ಬಸ್ಸು ಹತ್ತಿದರೆ ತಮಿಳು. ತಾತನ ಮನೆ ನಮ್ಮ ಮನೆಯಿಂದ ಎರಡು ಮನೆ ಆಚೆಗಿತ್ತು. ಆದರೆ ಅವರ ಹುಟ್ಟೂರು ಇದಲ್ಲ. ಅದು ಡ್ಯಾಮಿನ ನೀರಿನ ಅಡಿಯಲ್ಲಿತ್ತು. ಡ್ಯಾಮು ಕಟ್ಟುವ ಮೊದಲು ಮುಳುಗಡೆಯಾಗುವ ಭೂಮಿಯನ್ನೆಲ್ಲ ಅಳೆಯಲು ಸರ್ವೆಯವರು ಬಂದಾಗ, ಆಗಿನ್ನೂ ಮೀಸೆ ಚಿಗುರುತ್ತಿದ್ದ ಇವರು ಅಳತೆಯ ಸರಪಳಿ ಎಳೆಯುವ ಕೆಲಸಕ್ಕೆ ಸೇರಿಕೊಂಡರು. ಸರ್ವೆಯವರ ಮಾತಿನಲ್ಲಿ ಚೈನ್‌ಮ್ಯಾನ್. ತಮ್ಮ ಊರು ಎಲ್ಲಿಂದ ಎಲ್ಲಿಯವರೆಗೆ ಮುಳುಗುತ್ತದೆ ಅನ್ನುವುದನ್ನು ತಾವೇ ಎಳೆದೆಳೆದು ಅಳೆದುಕೊಟ್ಟವರು ಅವರು. ಆ ಕಾಲದ ಮುರಿದ ಸರಪಳಿಯ ಒಂದು ತುಂಡು ಅವರ ಮನೆಯ ಗೋಡೆಗೆ ನೇತುಬಿದ್ದಿತ್ತು. ಅದಕ್ಕೆ ಅವರು ಶನಿವಾರ ಶನಿವಾರ ಹರಳೆಣ್ಣೆ ಹಚ್ಚುತ್ತಿದ್ದರು.

ಇನ್ನೊಂದು ವಸ್ತುವಿತ್ತು. ಉದ್ದನೆಯ ಒಂದು ನೋಟುಪುಸ್ತಕ. ಸರ್ವೆಯವರು ಪ್ರತಿ ಹೊಲಕ್ಕೂ ನಂಬರು ಕೊಡುತ್ತ ಹೋದರೆ, ಇವರು ಸಂಜೆ ಕೂತು ಅದೇ ನಂಬರಿನ ಮುಂದೆ ಆ ಹೊಲದ ಹೆಸರು ಬರೆದುಕೊಳ್ಳುತ್ತಿದ್ದರಂತೆ. ಎಮ್ಮೆಮಡು, ಜೋಡಿಬೇವು, ಸೊಸೆಬಾವಿ, ಕುಂಟನ ಹೊಲ... ಹೆಸರಿನ ಪಕ್ಕದಲ್ಲಿ ಒಂದೆರಡು ಮಾತು: ಆ ಬಾವಿ ತೋಡಿಸಿದವರು ಯಾರು, ಆ ಬೇವು ನೆಟ್ಟವರು ಯಾರು. ಯಾಕೆ ಬರೆದಿರಿ ತಾತ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, "ನಂಬರು ಸರ್ಕಾರ ಇಟ್ಕೊಳ್ಳಲಿ, ಎಸರು ನಾನಿಟ್ಕೋತೀನಿ ಅಂತ" ಎಂದಿದ್ದರು. ಹಕಾರ ಅವರ ನಾಲಿಗೆಗೆ ಬರುತ್ತಿರಲಿಲ್ಲ, ಹೆಸರು ಎಸರಾಗುತ್ತಿತ್ತು.

ಆ ಪುಸ್ತಕವನ್ನು ಬೇರೆಯವರು ಓದುವುದು ಸುಲಭವಿರಲಿಲ್ಲ. ತಾತ ಓದಿದ್ದು ಮೂರನೇ ಕ್ಲಾಸಿನವರೆಗೆ, ಅದೂ ತಮಿಳು. ಕನ್ನಡ ಅಕ್ಷರ ಅವರಿಗೂ ಬರುತ್ತಿರಲಿಲ್ಲ, ಆಗ ನನಗೂ ಬರುತ್ತಿರಲಿಲ್ಲ. ನಾನು ಅದನ್ನು ಕಲಿತದ್ದು ಎಷ್ಟೋ ವರ್ಷದ ಮೇಲೆ, ಹೊಸೂರಿನಲ್ಲಿ ಟೀಚರಾಗಿದ್ದಾಗ. ಹಾಗಾಗಿ ತಾತ ಕನ್ನಡದ ಹೆಸರುಗಳನ್ನೆಲ್ಲ ತಮಿಳು ಅಕ್ಷರದಲ್ಲಿ ಬರೆದಿಟ್ಟಿದ್ದರು. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಪ, ಬ ಎರಡಕ್ಕೂ ಒಂದೇ. ಬೇವು ಅಂತ ಬರೆದರೂ ಪೇವು ಅಂತ ಬರೆದರೂ ಕಣ್ಣಿಗೆ ಒಂದೇ. ಹೆಸರು ಗೊತ್ತಿದ್ದವರು ಪಕ್ಕದಲ್ಲಿ ಕೂತು ಬಾಯಿಬಿಟ್ಟು ಓದಿ ಹೇಳಬೇಕು.

ಎಪ್ಪತ್ತರ ದಶಕದ ಮೊದಲಲ್ಲಿ ನಾನು ಸೇಲಂನ ಒಂದು ಕಾಲೇಜಿನಲ್ಲಿ ಚರಿತ್ರೆಯ ಎಂ.ಎ. ಓದುತ್ತಿದ್ದೆ. ನಮ್ಮ ಕಡೆಯಿಂದ ಅಲ್ಲಿಯವರೆಗೆ ಹೋದ ಹೆಣ್ಣುಮಕ್ಕಳು ಬೇರೆ ಯಾರೂ ಇರಲಿಲ್ಲ. ಎರಡನೇ ವರ್ಷದಲ್ಲಿ ಒಂದು ಸಂಶೋಧನಾ ಪ್ರಬಂಧ ಬರೆದು ಕೊಡಬೇಕಿತ್ತು, ಇಂಗ್ಲಿಷಿನಲ್ಲಿ. ಡ್ಯಾಮಿನಲ್ಲಿ ಮುಳುಗಿದ ಊರುಗಳ ಬಗ್ಗೆ ಬರೆಯುತ್ತೇನೆ ಅಂದೆ. ನನಗೆ ಮಾರ್ಗದರ್ಶಕರಾಗಿದ್ದ ಪ್ರೊಫೆಸರು ಒಪ್ಪಿಕೊಂಡರು.

ಅವರ ಬಗ್ಗೆ ಸುಳ್ಳು ಹೇಳಬಾರದು. ಪಾಠ ಚೆನ್ನಾಗಿ ಮಾಡುತ್ತಿದ್ದರು. ಬೇರೆಯವರ ಬರಹವನ್ನು ನಮ್ಮ ಬರಹದಲ್ಲಿ ಬಳಸುವುದು ಹೇಗೆ ಅನ್ನುವುದನ್ನು ನನಗೆ ಕಲಿಸಿದವರೇ ಅವರು. ಇದ್ದದ್ದು ಇದ್ದ ಹಾಗೇ ಎತ್ತಿಕೊಂಡರೆ ಉದ್ಧರಣ ಚಿಹ್ನೆ ಹಾಕಬೇಕು, ಒಂದು ಕಾಮಾ ಕೂಡ ಬದಲಾಗಬಾರದು. ಉದ್ದವಿದ್ದರೆ ಒಳಸರಿಸಿ ಬರೆಯಬೇಕು. ನಮ್ಮ ಮಾತಿನಲ್ಲಿ ತಿರುಗಿಸಿ ಬರೆದರೂ ಕೊನೆಗೊಂದು ಅಂಕಿ ಹಾಕಿ, ಪುಟದ ಕೆಳಗೆ ಅದು ಯಾರದು ಎಂದು ಹೇಳಲೇಬೇಕು. "ಮಾತು ಬದಲಾಯಿಸಿದ ಮಾತ್ರಕ್ಕೆ ವಿಷಯ ನಿನ್ನದಾಗುವುದಿಲ್ಲಮ್ಮ" ಎಂದು ಅವರು ತಮಿಳಿನಲ್ಲಿ ಹೇಳಿದ್ದು ನನಗೆ ತಟ್ಟನೆ ಅರ್ಥವಾಗಿತ್ತು. ನಾನು ಕುರಿಯವರ ಮಗಳು. ಕದ್ದ ಕುರಿಯ ಉಣ್ಣೆ ಕತ್ತರಿಸಿ ಬೇರೆ ಬಣ್ಣದ ಗುರುತು ಹಾಕಿದರೂ ಅದು ಕದ್ದ ಕುರಿಯೇ ಎಂದು ನಮ್ಮಪ್ಪನೂ ಹೇಳುತ್ತಿದ್ದ. ಮೊದಲ ಅಧ್ಯಾಯದಲ್ಲಿ ಒಂದೇ ಒಂದು ಪುಟಸಂಖ್ಯೆ ಬಿಟ್ಟುಹೋಗಿದ್ದಕ್ಕೆ ಪ್ರೊಫೆಸರು ಇಡೀ ಅಧ್ಯಾಯವನ್ನು ವಾಪಸು ಕೊಟ್ಟರು. ಆ ಒಂದು ಅಂಕಿಗಾಗಿ ನಾನು ಮೂರು ದಿನ ಲೈಬ್ರರಿಯಲ್ಲಿ ಧೂಳು ಕುಡಿದೆ. ಸಿಟ್ಟು ಬಂದರೂ ಅವರು ಹೇಳುವುದು ನ್ಯಾಯ ಅನ್ನಿಸಿತ್ತು.

ಸೇಲಂನ ಕಚೇರಿಯ ದಾಖಲೆ ಕೋಣೆಯಲ್ಲಿ ನನಗೆ ಸಿಕ್ಕಿದ್ದು ಬರೀ ನಂಬರು. ಇಷ್ಟನೇ ನಂಬರಿನ ಹೊಲ, ಇಷ್ಟು ಎಕರೆ, ಪುಂಜೆ ಅಂದರೆ ಒಣಭೂಮಿ, ಮುಳುಗಡೆ. ಅಲ್ಲಿ ಮನುಷ್ಯರು ಬದುಕಿದ್ದರು ಅನ್ನುವ ಸುಳಿವೇ ಇಲ್ಲ. ಆಗ ತಾತನ ನೋಟುಪುಸ್ತಕ ನೆನಪಾಯಿತು.

ದಸರಾ ರಜೆಯಲ್ಲಿ ಊರಿಗೆ ಹೋದವಳು ನೇರವಾಗಿ ಅವರ ಮನೆಗೆ ಹೋದೆ. ಕೇಳಿದ ಕೂಡಲೇ ತಾತ ಪೆಟ್ಟಿಗೆಯಿಂದ ಪುಸ್ತಕ ತೆಗೆದರು. ಟವಲಿನಿಂದ ಒರೆಸಿ ನನ್ನ ತೊಡೆಯ ಮೇಲಿಟ್ಟರು. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ ಎಂದರು. ಆಮೇಲೆ ರಜೆ ಸಿಕ್ಕಾಗಲೆಲ್ಲ ನಾವಿಬ್ಬರೂ ಅವರ ಜಗಲಿಯ ಮೇಲೆ ಕೂರುತ್ತಿದ್ದೆವು. ಅವರು ಒಂದೊಂದೇ ಹೆಸರು ಓದುವುದು, ನಾನು ಬರೆದುಕೊಳ್ಳುವುದು.

ಅವರ ಜೊತೆ ಕೆಲಸ ಮಾಡುವುದು ಸುಲಭವಿರಲಿಲ್ಲ. ನಾನು ಬರೆದುಕೊಂಡದ್ದನ್ನು ವಾಪಸು ಓದಿ ಹೇಳಲೇಬೇಕು. ಒಂದು ಮಾತು ಆಚೆ ಈಚೆ ಆದರೆ ಕೈ ಅಡ್ಡ ಹಿಡಿಯುತ್ತಿದ್ದರು. ಒಮ್ಮೆ ಅವರು, "ನೀರು ಬತ್ತೈತೆ ಅಂದ್ರೆ ಊರೋರು ನಗ್ತಿದ್ರು. ಚೈನು ಎಳ್ದಿದ್ದು ನಾನೇ, ನಂಗೇ ನಂಬಿಕೆ ಬರ್ಲಿಲ್ಲ" ಅಂದಿದ್ದರು. ನಾನು ಅದನ್ನು, ಮುಳುಗಡೆಯ ಬಗ್ಗೆ ಗ್ರಾಮಸ್ಥರಲ್ಲಿ ಅಪನಂಬಿಕೆ ಇತ್ತು ಎಂದು ಇಂಗ್ಲಿಷಿನಲ್ಲಿ ಬರೆದುಕೊಂಡು, ಕನ್ನಡದಲ್ಲಿ ಓದಿ ಹೇಳಿದೆ.

"ಅದು ನಾನು ಏಳಿದ್ದಲ್ಲ" ಎಂದರು ತಾತ.

"ಅದೇ ತಾತ, ಬೇರೆ ಮಾತಲ್ಲಿ ಹೇಳಿದ್ದೀನಿ ಅಷ್ಟೆ."

"ಚೈನು ಎಳ್ದೋನು ಎಲ್ಲಿ ಓದ? ನಗ್ತಿದ್ದೋರು ಎಲ್ಲಿ ಓದ್ರು? ನಾನು ಏಳ್ದಂಗೆ ಬರೀ ಅಮ್ಮಣಿ."

ಇಂಥ ಜಗಳ ದಿನಕ್ಕೆ ನಾಲ್ಕಾದರೂ ಆಗುತ್ತಿತ್ತು. ಕೆಲವು ಸಲ ನೋಟು ಮುಚ್ಚಿ ಎದ್ದು ಬರುತ್ತಿದ್ದೆ. ಹಟಮಾರಿ ಮುದುಕ ಎಂದು ಅಮ್ಮನ ಹತ್ತಿರ ಬೈದದ್ದೂ ಉಂಟು. ಅವರು ಹೇಳುತ್ತಿದ್ದದ್ದಕ್ಕೂ ಪ್ರೊಫೆಸರು ಕಲಿಸಿದ್ದಕ್ಕೂ ವ್ಯತ್ಯಾಸವಿಲ್ಲ ಅನ್ನುವುದು ನನಗೆ ಹೊಳೆಯಲು ತುಂಬ ಕಾಲ ಹಿಡಿಯಿತು.

ತಮಗೆ ಅಂತ ತಾತ ಕೇಳಿದ್ದು ಒಂದೇ. ಅಚ್ಚಾಗುವ ಪುಸ್ತಕದಲ್ಲಿ ತಮ್ಮ ಹೆಸರು ಇರಬೇಕು. "ದೊಡ್ಡದಾಗಿ ಬ್ಯಾಡ. ಎಲ್ಲಾದ್ರೂ ಮೂಲೇಲಿ." ಹಾಜರಿ ಪುಸ್ತಕಕ್ಕೆ ಇಂಗ್ಲಿಷಿನಲ್ಲಿ ಸಹಿ ಹಾಕುವುದನ್ನು ಆ ಕಾಲದ ಸರ್ವೆ ಸಾಹೇಬರು ಅವರಿಗೆ ಕಲಿಸಿದ್ದರು. ಅವರಿಗೆ ಬರುತ್ತಿದ್ದ ಇಂಗ್ಲಿಷು ಅಷ್ಟೇ, ತಮ್ಮ ಹೆಸರಿನ ಅಕ್ಷರಗಳು. ನನ್ನ ನೋಟಿನ ಮೂಲೆಯಲ್ಲಿ ನಿಧಾನವಾಗಿ ಬರೆದು ತೋರಿಸಿದರು. ಮೊದಲ ಅಕ್ಷರವನ್ನು ಅವರು ಕಂಬಕ್ಕೆ ಎರಡು ಕೈ ಅನ್ನುತ್ತಿದ್ದರು, ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಹಾಕ್ತೀನಿ ತಾತ ಅಂದೆ. ಅಡಿಟಿಪ್ಪಣಿ ಅಂದರೆ ಏನೆಂದು ವಿವರಿಸಿ, ಪುಟಪುಟದ ಕೆಳಗೂ ನಿಮ್ಮ ಹೆಸರು ಬರುತ್ತದೆ ಎಂದೆ. ಅವರು ಬಾಯಿ ತುಂಬ ನಕ್ಕರು.

ಪೊಂಗಲ್ ಕಳೆದ ಮೇಲೆ ಕೊನೆಯ ನಾಲ್ಕು ಪುಟ ಉಳಿದಿತ್ತು. ನಾನು ಊರಿಗೆ ಹೋದಾಗ ತಾತ ಇರಲಿಲ್ಲ. ಏರ್ಕಾಡಿನ ಎಸ್ಟೇಟಿನಲ್ಲಿ ಕಾಫಿ ಬಿಡಿಸುವ ಕೆಲಸಕ್ಕೆ ಹೋಗಿದ್ದ ಮಗಳಿಗೆ ಜ್ವರವೆಂದು ಅಲ್ಲಿಗೆ ಹೋಗಿದ್ದರು. ಪುಸ್ತಕವನ್ನು ಮಾತ್ರ ನನಗೆ ಕೊಡಲು ಸೊಸೆಯ ಹತ್ತಿರ ಬಿಟ್ಟುಹೋಗಿದ್ದರು. ಪ್ರಬಂಧ ಕೊಡುವ ದಿನ ಹತ್ತಿರ ಬಂದಿತ್ತು. ಅವರು ಬರುವವರೆಗೆ ಕಾಯಬೇಕಿತ್ತು, ಕಾಯಲಿಲ್ಲ. ನಾಲ್ಕು ಪುಟವನ್ನೂ ನಾನೇ ಓದಿ ನಕಲು ಮಾಡಿಕೊಂಡು, ಪುಸ್ತಕವನ್ನು ಸೊಸೆಯ ಕೈಗೆ ಕೊಟ್ಟು ಸೇಲಂಗೆ ಬಂದೆ. ಈ ತಪ್ಪು ನನ್ನದು. ಇದನ್ನು ಬೇರೆ ಯಾರ ಮೇಲೂ ಹಾಕುವುದಿಲ್ಲ.

ಪ್ರೊಫೆಸರು ಪೂರ್ತಿ ಕರಡು ಓದಿದರು. ಒಂದು ವಾರದ ಮೇಲೆ ಕರೆದರು. ಮೇಜಿನ ಮೇಲಿದ್ದ ನನ್ನ ಹಾಳೆಗಳ ಕೆಳಭಾಗವೆಲ್ಲ ಕೆಂಪು ಪೆನ್ಸಿಲಿನ ಗೀಟು. ತಾತನ ಹೆಸರಿದ್ದ ಒಂದೊಂದು ಅಡಿಟಿಪ್ಪಣಿಯನ್ನೂ ಹೊಡೆದುಹಾಕಿದ್ದರು.

"ಯಾರಮ್ಮ ಈ ಮನುಷ್ಯ?"

ಹೇಳಿದೆ.

"ಯಾವ ಪುಸ್ತಕ ಬರೆದಿದ್ದಾನೆ? ಯಾವ ಹುದ್ದೆ?"

"ಚೈನ್‌ಮ್ಯಾನ್ ಸಾರ್."

ಅವರು ನಗಲಿಲ್ಲ, ಅದೇ ಕಷ್ಟ. ನಿಜವಾದ ಕಾಳಜಿಯಿಂದಲೇ ಬುದ್ಧಿ ಹೇಳಿದರು. ಹೊರಗಿನ ಪರೀಕ್ಷಕರು ಇದನ್ನು ನೋಡಿದರೆ ಪ್ರಬಂಧವನ್ನು ಎಸೆಯುತ್ತಾರೆ. ಅಚ್ಚಾಗದ ಪುಸ್ತಕ, ಸರಪಳಿ ಎಳೆಯುವವನು ಬರೆದದ್ದು, ಅದೂ ಯಾವ ಭಾಷೆ ಎಂದು ಹೇಳಲಾಗದಂಥದ್ದು, ಇದು ಆಧಾರವಾಗುವುದಿಲ್ಲ. "ವಿಷಯ ಇರಲಿ, ಒಳ್ಳೆಯ ವಿಷಯ. ನಿನ್ನ ಮಾತಿನಲ್ಲಿ ಬರೆದುಬಿಡು. ನಿನ್ನ ಮಾತಾದ ಮೇಲೆ ಟಿಪ್ಪಣಿ ಯಾಕೆ?"

ನನ್ನ ಕಿವಿಯನ್ನೇ ನಂಬಲಾಗಲಿಲ್ಲ. ನೀವೇ ಅಲ್ಲವಾ ಸಾರ್, ಮಾತು ಬದಲಾಯಿಸಿದರೂ ವಿಷಯ ನನ್ನದಾಗುವುದಿಲ್ಲ ಅಂದವರು, ಎಂದು ಕೇಳಿಯೇಬಿಟ್ಟೆ. ಅದು ಪುಸ್ತಕಗಳಿಗೆ ಎಂದರು. ಮುನ್ನುಡಿಯಲ್ಲಾದರೂ ಅವರ ಹೆಸರು ಹಾಕುತ್ತೇನೆ ಎಂದು ಬೇಡಿಕೊಂಡೆ. ಸ್ಥಳೀಯ ಹಿರಿಯರಿಗೆ ಕೃತಜ್ಞತೆಗಳು ಎಂದು ಹಾಕು, ಸಾಕು ಎಂದರು. ತಾತ ಹೇಳಿದ ಹಾಗೇ ಇಟ್ಟಿದ್ದ ಮಾತುಗಳ ಉದ್ಧರಣ ಚಿಹ್ನೆಗಳೂ ಹೋದವು. ಚೈನು ಎಳೆದವನು ಹೋದ, ನಗುತ್ತಿದ್ದವರು ಹೋದರು, ಗ್ರಾಮಸ್ಥರ ಅಪನಂಬಿಕೆ ಉಳಿಯಿತು.

ಅದೇ ದಿನ ಅವರಿಗೆ ತುಂಬ ಹಿಡಿಸಿದ ಒಂದು ಹೆಸರಿಗೆ ನೀಲಿ ಗೀಟು ಹಾಕಿಟ್ಟಿದ್ದರು. ಕಾಳಿಗುಂಡಿ. ನಾನೊಬ್ಬಳೇ ನಕಲು ಮಾಡಿಕೊಂಡ ನಾಲ್ಕು ಪುಟಗಳಲ್ಲಿ ಇದ್ದದ್ದು, ಪಕ್ಕದಲ್ಲಿ ಬೇರೆ ಮಾತೇನೂ ಇರಲಿಲ್ಲ. "ಗುಂಡಿ ಅಂದರೆ ಹಳ್ಳ ಅಲ್ಲವಾ? ಕಾಳಿಯ ಹಳ್ಳ! ಅಲ್ಲಿ ಬಲಿ ನಡೆಯುತ್ತಿದ್ದಿರಬೇಕು. ಇದರ ಮೇಲೆ ಎರಡು ಪುಟ ಬರಿ. ಪ್ರಬಂಧಕ್ಕೆ ತೂಕ ಬರುತ್ತೆ." ಬೇರೆ ಕಡೆಯ ಕಾಳಿ ಆರಾಧನೆಯ ಬಗ್ಗೆ ನಾಲ್ಕು ಅಚ್ಚಾದ ಪುಸ್ತಕಗಳ ಹೆಸರನ್ನೂ ಕೊಟ್ಟರು. ನಾನು ಬರೆದೆ. ಆ ಎರಡು ಪುಟಗಳಿಗೆ ಮಾತ್ರ ಅಡಿಟಿಪ್ಪಣಿಗಳು ಸಾಲುಗಟ್ಟಿ ನಿಂತವು, ಒಂದಕ್ಕಿಂತ ಒಂದು ಶುದ್ಧ.

ಬೈಂಡಾದ ಪ್ರತಿಗಳಲ್ಲಿ ಒಂದನ್ನು ತೆಗೆದುಕೊಂಡು ಮಾರ್ಚಿನ ಬಿಸಿಲಲ್ಲಿ ಊರಿಗೆ ಹೋದೆ. ಮುಚ್ಚಿಡಬಹುದಿತ್ತು. ಆದರೆ ಅಷ್ಟರಲ್ಲಿ ಪುಸ್ತಕ ಆಯಿತೆಂದು ಅಪ್ಪ ಊರಿಗೆಲ್ಲ ಹೇಳಿಯಾಗಿತ್ತು. ತಾತ ಕೈ ತೊಳೆದು, ಪಂಚೆಗೆ ಒರೆಸಿಕೊಂಡು ಬಂದು ಜಗಲಿಯಲ್ಲಿ ಕೂತರು.

"ಎಲ್ಲಿ, ಕೊಡು."

ಮೊದಲ ಹಾಳೆಯಿಂದ ಶುರುಮಾಡಿದರು. ಓದಲು ಬಾರದು, ತಮ್ಮ ಹೆಸರಿನ ಆಕಾರ ಮಾತ್ರ ಗೊತ್ತು. ಪ್ರತಿ ಪುಟದ ಕೆಳಗೆ ಬೆರಳಿಟ್ಟು ಎಡದಿಂದ ಬಲಕ್ಕೆ ಸರಿಸುತ್ತ ಹೋದರು. ಒಂದು ಪುಟ, ಇನ್ನೊಂದು ಪುಟ... ನನಗೆ ಎದ್ದು ಓಡಿಹೋಗೋಣ ಅನ್ನಿಸುತ್ತಿತ್ತು. ಸೊಸೆ ಮಜ್ಜಿಗೆ ತಂದಿಟ್ಟಳು, ಅದನ್ನು ಮುಟ್ಟಲಿಲ್ಲ. ಅರ್ಧ ಪುಸ್ತಕ ದಾಟಿದ ಮೇಲೆ ತಲೆ ಎತ್ತಿ ನೋಡಿದರು.

"ಸಣ್ಣಕ್ಷರದಾಗೆ ಐತೇನೋ. ನಂಗೆ ಕಣ್ಣು ಸರಿಗೆ ಕಾಣಾಕಿಲ್ಲ. ನೀನೇ ತೋರ್ಸು ಅಮ್ಮಣಿ."

ಆಗಲಾದರೂ ನಿಜ ಹೇಳಬೇಕಿತ್ತು. ನಾನು ಪುಟ ತಿರುವಿ, ಯಾವುದೋ ಬಿಳಿಯ ಅಧಿಕಾರಿಯ ಹೆಸರಿದ್ದ ಒಂದು ಅಡಿಟಿಪ್ಪಣಿಯ ಮೇಲೆ ಬೆರಳಿಟ್ಟು, "ಇಲ್ಲಿ ತಾತ" ಅಂದೆ.

ಅವರು ಬಗ್ಗಿ ನೋಡಿದರು. ತುಂಬ ಹೊತ್ತು ನೋಡಿದರು.

"ಇದು ನಂದಲ್ಲ. ನಂದು ಕಂಬಕ್ಕೆ ಎರಡು ಕೈ. ಇದಕ್ಕೆ ಒಟ್ಟೆ ಐತೆ."

ನಾನು ಅತ್ತೆ. ಕೆಂಪು ಪೆನ್ಸಿಲಿನ ಕತೆಯೆಲ್ಲ ಹೇಳಿದೆ. ಅವರು ಬೈಯಲಿಲ್ಲ. ಪುಸ್ತಕವನ್ನು ಮುಚ್ಚಿ ಮತ್ತೆ ನನ್ನ ಕೈಗೆ ಕೊಟ್ಟು, "ಎಸರು ಓಗ್ಲಿ ಬಿಡು. ಒಳಗೆ ಏನು ಬರ್ದಿದ್ದೀಯ, ಅದನ್ನಾದ್ರೂ ಓದು" ಎಂದರು. ನಾನು ಮೂಗು ಒರೆಸಿಕೊಂಡು ಇಂಗ್ಲಿಷಿನದನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತ ಹೋದೆ. ಕಾಳಿಗುಂಡಿ ಬಂತು. ಕಾಳಿಯ ಆರಾಧನೆ, ಬಲಿ...

ತಾತ ಎದ್ದು ನಿಂತುಬಿಟ್ಟರು.

"ಯಾವ ಕಾಳಿ? ಗಾಳಿ ಕಣಮ್ಮಾ, ಗಾಳಿಗುಂಡಿ! ಊರೆಲ್ಲ ರಾಶಿ ತೂರಾಕೆ ಅಲ್ಲಿಗೇ ಓಗ್ತಿದ್ದು. ಎಲ್ಲೂ ಎಲೆ ಅಲ್ಲಾಡ್ದೆ ಇದ್ರೂ ಅಲ್ಲಿ ಗಾಳಿ ಬಂದು ಸುತ್ಕೊಳ್ಳೋದು. ಕಾಳಿನೂ ಇಲ್ಲ, ಕೋಣನೂ ಇಲ್ಲ. ಯಾರು ಏಳಿದ್ರು ನಿಂಗೆ ಇದನ್ನ?"

ಯಾರೂ ಹೇಳಿರಲಿಲ್ಲ. ತಮಿಳು ಅಕ್ಷರದಲ್ಲಿ ಕಾಳಿ ಎಂದು ಬರೆದರೂ ಗಾಳಿ ಎಂದು ಬರೆದರೂ ಒಂದೇ. ಅವರು ಬರೆದದ್ದು ಗಾಳಿ, ನಾನು ಓದಿಕೊಂಡದ್ದು ಕಾಳಿ. ಹೆಸರು ಬಿಟ್ಟದ್ದಕ್ಕೆ ಬಾರದ ಕೋಪ ತಾತನಿಗೆ ಆಗ ಬಂತು. ಆ ಬಯಲಲ್ಲಿ ನಮ್ಮ ತಾಯಿ ಮೊರ ಹಿಡಿದು ನಿಂತದ್ದನ್ನು ನಾನು ನೋಡಿದ್ದೇನೆ, ನೀನು ಅಲ್ಲಿ ಕೋಣ ಕಡಿಸಿದ್ದೀಯ ಎಂದರು. ತಿದ್ದಿಸು ಎಂದರು. ಆ ದಿನ ಅದೊಂದೇ ಮಾತು. ತಿದ್ದಿಸು.

ಸೇಲಂಗೆ ಹೋಗಿ ಪ್ರೊಫೆಸರಿಗೆ ಹೇಳಿದೆ. ಪ್ರಬಂಧದ ಪ್ರತಿ ಆಗಲೇ ಪರೀಕ್ಷಕರಿಗೆ ಹೋಗಿಯಾಯಿತು ಎಂದರು. ಒಂದು ತಿದ್ದುಪಡಿ ಹಾಳೆ ಕಳಿಸೋಣ ಸಾರ್ ಎಂದೆ. "ಗಾಳಿ ಅನ್ನುವುದಕ್ಕೆ ಏನು ಆಧಾರ?" ತಾತ ಹೇಳಿದರು ಎಂದೆ. "ಬರಹದಲ್ಲಿ ಕಾಳಿ ಅಂತ ಇದೆ. ಬಾಯಿಮಾತಿಗಿಂತ ಬರಹ ದೊಡ್ಡದಮ್ಮ" ಎಂದರು. ಹೆಸರು ಹಾಕಲು ಲಾಯಕ್ಕಿಲ್ಲದ ಬರಹ, ಬರೆದವರ ಮಾತನ್ನೇ ಸುಳ್ಳು ಮಾಡುವಷ್ಟು ದೊಡ್ಡದಾದದ್ದು ಹೇಗೆ ಎಂದು ನಾನು ಕೇಳಬೇಕಿತ್ತು. ಈಗ ಮಾತು ಬರುತ್ತದೆ, ಆಗ ಬರಲಿಲ್ಲ. ಫಸ್ಟ್ ಕ್ಲಾಸ್ ಬರುತ್ತೆ, ತಲೆ ಕೆಡಿಸಿಕೊಳ್ಳಬೇಡ ಹೋಗು ಎಂದರು. ಹೋದೆ. ಫಸ್ಟ್ ಕ್ಲಾಸೂ ಬಂತು.

ಕೆಲವು ತಿಂಗಳ ಮೇಲೆ ಸರ್ಟಿಫಿಕೇಟಿಗಾಗಿ ಮತ್ತೆ ಕಾಲೇಜಿಗೆ ಹೋದಾಗ ಅಲ್ಲಿಯ ಅಟೆಂಡರು ತಡೆದು ನಿಲ್ಲಿಸಿದ. ಓಮಲೂರಿನವನು, ಮನೆಯಲ್ಲಿ ಕನ್ನಡ ಆಡುವವನು. "ನಿಮ್ಮೂರಿನ ತಾತ ಬಂದಿದ್ರಲ್ಲಮ್ಮ, ಗೊತ್ತಿಲ್ವಾ?" ಎಂದ.

ನನಗೆ ಗೊತ್ತಿರಲಿಲ್ಲ. ತಾತ ಒಬ್ಬರೇ ಪೆನ್ನಾಗರದಲ್ಲಿ ಬಸ್ಸು ಹತ್ತಿ, ಧರ್ಮಪುರಿಯಲ್ಲಿ ಇಳಿದು ಇನ್ನೊಂದು ಹತ್ತಿ, ಸೇಲಂ ಸೇರಿ, ಕಾಲೇಜು ಎಲ್ಲಿ ಎಂದು ಕೇಳಿಕೊಂಡು ಬಂದಿದ್ದರಂತೆ. ನೋಟುಪುಸ್ತಕವನ್ನು ಟವಲಿನಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡು ಬೆಳಗಿನಿಂದ ಮಧ್ಯಾಹ್ನದವರೆಗೆ ವರಾಂಡದಲ್ಲಿ ನಿಂತಿದ್ದರಂತೆ. ಪ್ರೊಫೆಸರು ಕರೆದು ಕೂರಿಸಿದರಂತೆ, ಟೀ ತರಿಸಿಕೊಟ್ಟರಂತೆ. ತಾತ ತಮಿಳಿನಲ್ಲಿ ಎಲ್ಲ ಹೇಳಿದರಂತೆ. ಗಾಳಿ ಅಂದರೆ ಏನೆಂದು ತಪ್ಪಿಲ್ಲದೆ ಗೊತ್ತಾಗಲಿ ಎಂದು ಕೆನ್ನೆ ಉಬ್ಬಿಸಿ ಉಫ್ ಎಂದು ಊದಿ ತೋರಿಸಿದರಂತೆ, ಮೇಜಿನ ಮೇಲಿನ ಹಾಳೆಗಳು ಹಾರುವ ಹಾಗೆ. ಅಟೆಂಡರು ಅದನ್ನು ಹೇಳುತ್ತ ನಗುತ್ತಿದ್ದ. ಪುಸ್ತಕ ಇಲ್ಲೇ ಬಿಟ್ಟುಹೋಗಿ, ನೋಡಿ ಕಳಿಸುತ್ತೇನೆ ಎಂದು ಪ್ರೊಫೆಸರು ಅಂದರಂತೆ. ತಾತ ಬಿಟ್ಟುಹೋದರಂತೆ.

ಪ್ರೊಫೆಸರು ಅಷ್ಟರಲ್ಲಿ ವರ್ಗವಾಗಿ ಮದರಾಸಿಗೆ ಹೋಗಿದ್ದರು.

ನಾನು ಊರಿಗೆ ಹೋಗಿ ರೇಗಾಡಿದೆ. ಯಾಕೆ ಕೊಟ್ಟಿರಿ, ನನಗೆ ಒಂದು ಮಾತು ಹೇಳಬಾರದಿತ್ತಾ, ಇರುವುದು ಅದೊಂದೇ ಅಲ್ಲವಾ ಎಂದು. ತಾತನಿಗೆ ನನ್ನ ಕೋಪವೇ ಅರ್ಥವಾಗಲಿಲ್ಲ. "ಓದಿದ್ದೋರು. ನೋಡ್ತೀನಿ ಅಂದ್ರು. ನೋಡ್ದೆ ಎಂಗೆ ತಿದ್ತಾರೆ?" ಎಂದರು.

ಮದರಾಸಿಗೆ ನಾನು ಮೂರು ಕಾಗದ ಬರೆದೆ, ಉತ್ತರ ಬರಲಿಲ್ಲ. ಒಮ್ಮೆ ವಿಳಾಸ ಹುಡುಕಿಕೊಂಡು ಹೋಗಬೇಕು ಎಂದುಕೊಂಡೆ. ಹೊಸೂರಿನಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು, ಹೋಗಲಿಲ್ಲ. ಊರಿಗೆ ಹೋದಾಗಲೆಲ್ಲ ತಾತ ಜಗಲಿಯಿಂದಲೇ "ಬಂತಾ?" ಎಂದು ಕೇಳುತ್ತಿದ್ದರು. ಇನ್ನೂ ಇಲ್ಲ ತಾತ ಅನ್ನುತ್ತಿದ್ದೆ. ಹೀಗೆ ಎರಡು ವರ್ಷ... ಆಮೇಲೆ ಬಿಸಿಲುಗಾಲದಲ್ಲಿ ಒಂದು ದಿನ ಅವರು ತೀರಿಕೊಂಡ ಸುದ್ದಿ ಬಂತು. ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಎಷ್ಟೋ ಕಾಲದ ಮೇಲೆ ಪ್ರೊಫೆಸರೂ ಹೋದರೆಂದು ಕೇಳಿ ಅವರ ಮಗಳಿಗೆ ಬರೆದೆ. ಆಕೆ ಒಳ್ಳೆಯ ಮನಸ್ಸಿನಿಂದಲೇ ಉತ್ತರ ಕೊಟ್ಟರು. ಮನೆ ಬದಲಾಯಿಸುವಾಗ ಅಪ್ಪನ ಹಳೆಯ ಕಾಗದಗಳನ್ನೆಲ್ಲ ತೂಕಕ್ಕೆ ಹಾಕಿಬಿಟ್ಟೆವು, ಅಂಥದ್ದೊಂದು ನೋಟುಪುಸ್ತಕ ನೋಡಿದ ನೆನಪಿಲ್ಲ ಎಂದು.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಹೋದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಈಗ ತಾನೂ ಕಾಲೇಜಿನಲ್ಲಿ ಪಾಠ ಮಾಡುವವಳು, ಒಂದು ಸಂಶೋಧನಾ ಪತ್ರಿಕೆ ಹಿಡಿದುಕೊಂಡು ಬಂದಳು. "ಟೀಚರ್, ಇದರಲ್ಲಿ ನಿಮ್ಮ ಹೆಸರಿದೆ!" ಡ್ಯಾಮಿನಲ್ಲಿ ಮುಳುಗಿಹೋದ ಕಾಳಿಯ ನೆಲೆಗಳ ಬಗ್ಗೆ ಯಾರೋ ಬರೆದ ಲೇಖನ. ಕಾಳಿಗುಂಡಿಯ ಬಲಿಯೇ ಅದರ ಜೀವಾಳ. ಪುಟದ ಕೆಳಗೆ ನನ್ನ ಹೆಸರು, ಪ್ರಬಂಧದ ಹೆಸರು, ಪುಟಸಂಖ್ಯೆ, ಒಂದಕ್ಷರ ತಪ್ಪಿಲ್ಲ. ಆ ಲೇಖನವನ್ನು ಆಧಾರ ಮಾಡಿಕೊಂಡು ಇನ್ನೂ ಇಬ್ಬರು ಬರೆದಿದ್ದಾರೆಂದು ಆಕೆಯೇ ಹೇಳಿದಳು. ಬರೆದವರ ಮೇಲೆ ಸಿಟ್ಟು ಮಾಡಿಕೊಳ್ಳಲು ಏನೂ ಇರಲಿಲ್ಲ. ಅವರು ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದರು. ನನ್ನ ಪುಟದ ಕೆಳಗೆ ತಾತನ ಹೆಸರು, ಊರು ಇದ್ದಿದ್ದರೆ ಯಾರಾದರೂ ಒಬ್ಬರು ಬಂದು ಕೇಳುತ್ತಿದ್ದರೇನೋ. ಪ್ರಬಂಧ ಬಂದ ಹೊಸದರಲ್ಲಿ ತಾತನ ಕಾಲದವರು ನಾಲ್ಕು ಜನ ಇನ್ನೂ ಬದುಕಿದ್ದರು.

ಪತ್ರಿಕೆಯ ಸಂಪಾದಕರಿಗೆ ಬರೆದೆ. ಅದು ಕಾಳಿ ಅಲ್ಲ ಗಾಳಿ, ತಪ್ಪು ನನ್ನದು, ದಯವಿಟ್ಟು ಒಂದು ತಿದ್ದುಪಡಿ ಹಾಕಿ ಎಂದು. ಮರ್ಯಾದೆಯ ಉತ್ತರ ಬಂತು. ತಿದ್ದುಪಡಿ ಪ್ರಕಟಿಸಲು ಮೂಲ ದಾಖಲೆಯ ಪ್ರತಿ ಕಳಿಸಬೇಕಂತೆ. ತಾತನ ಪೂರ್ತಿ ಹೆಸರು, ಅವರ ಕೆಲಸ, ಅವರು ಜಗಲಿಯಲ್ಲಿ ಎದ್ದು ನಿಂತು ಹೇಳಿದ ಮಾತು, ಎಲ್ಲವನ್ನೂ ಬರೆದು ಇನ್ನೊಂದು ಕಾಗದ ಹಾಕಿದೆ. ಅದಕ್ಕೆ ಉತ್ತರವಿಲ್ಲ. ನಮ್ಮೂರಿಗೂ ಹೋಗಿಬಂದೆ. ಅವರ ಓರಗೆಯವರು ಒಬ್ಬರೂ ಉಳಿದಿಲ್ಲ. ಈಗಿನ ಹುಡುಗರು ನಾನು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಾರೆ. ನೀರಿನ ಅಡಿಯ ಹೊಲದ ಹೆಸರು ಅವರಿಗೆ ಯಾಕೆ ಬೇಕು?

ಕೊನೆಗೆ ಇದನ್ನು ಕನ್ನಡದಲ್ಲಿ ನಾನೇ ಬರೆದು, ಅವರ ಹೆಸರನ್ನು ಪೂರ್ತಿಯಾಗಿ ಅಚ್ಚು ಹಾಕಿಸಬೇಕು ಎಂದುಕೊಂಡೆ. ಕೇಳದೆ ಹಾಕಬಾರದೆಂದು, ಶಂಕಗಿರಿಯ ಲಾರಿ ಷೆಡ್ಡಿನಲ್ಲಿ ಕೆಲಸ ಮಾಡುವ ಅವರ ಮೊಮ್ಮಗನನ್ನು ಹುಡುಕಿಕೊಂಡು ಹೋದೆ. ಅವನು ಸ್ಟೂಲು ಹಾಕಿ ಕೂರಿಸಿ, ಪೂರ್ತಿ ಕೇಳಿಸಿಕೊಂಡ. ಆಮೇಲೆ ಬೇಡವೆಂದು ತಲೆ ಆಡಿಸಿದ.

"ವೇಣಾಂ ಅತ್ತೆ. ಇದ್ದ ಒಂದು ಪುಸ್ತಕಾನೂ ಯಾರಿಗೋ ಕೊಟ್ಟು ಬಂದ ದಡ್ಡ ಅಂತ ನಮ್ಮಪ್ಪ ಸಾಯೋವರ್ಗೂ ತಾತನ್ನ ಬೈತಿದ್ರು. ಊರೋರೂ ಆಡ್ಕೊಂಡು ನಗ್ತಿದ್ರು. ಆ ಕತೇಲಿ ತಾತನ ಎಸರು ಬ್ಯಾಡ."

ದಡ್ಡರಾಗಿದ್ದದ್ದು ಅವರಲ್ಲ ಎಂದು ಎಷ್ಟೋ ಹೇಳಿದೆ. ಅವನು ಒಪ್ಪಲಿಲ್ಲ. ಅವರ ಮನೆಯ ಹೆಸರು, ಬೇಡ ಅನ್ನುವ ಹಕ್ಕು ಅವನದು.

ಹಾಗಾಗಿ ಇಲ್ಲಿಯೂ ಅವರು ಚೈನುತಾತ ಮಾತ್ರ. ಅವರ ಹೆಸರು ನನಗೆ ಗೊತ್ತು, ಅವರ ತಂದೆಯ ಹೆಸರು ಗೊತ್ತು, ಮುಳುಗಿದ ಊರಿನ ಹೆಸರೂ ಗೊತ್ತು. ಅದನ್ನು ಎಲ್ಲಿ ಬರೆಯಲಿ ಅನ್ನುವುದೊಂದು ಗೊತ್ತಿಲ್ಲ...